ಮೂಸಿ ದಂಡೆಯಲ್ಲಿ ಎರಡೂವರೆ ಕಿಲೋಮೀಟರ್

ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದ ನಮ್ಮಂಥವರಲ್ಲಿ ಬಹಳಷ್ಟು ಜನ ಈ ಊರಿನಲ್ಲಿ ಮೊದಲು ಕಾಲಿಟ್ಟ ಜಾಗ ಒಂದೇ. ಅದು ಮಹಾತ್ಮ ಗಾಂಧಿ ಬಸ್ ನಿಲ್ದಾಣ, ಅಂದರೆ ಎಂಜಿಬಿಎಸ್. ಹಳಬರು ಈಗಲೂ ಅದನ್ನು ಇಮ್ಲಿಬನ್ ಎನ್ನುತ್ತಾರೆ. ಇಮ್ಲಿ ಎಂದರೆ ಹುಣಸೆ, ಬನ್ ಎಂದರೆ ನಮ್ಮ ಬನವೇ. ಇಪ್ಪತ್ತು ವರ್ಷದ ಹಿಂದೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಅಲ್ಲಿ ಇಳಿದಾಗ ನಾನು ಇಳಿದದ್ದು ಮೂಸಿ ನದಿಯ ಪಾತ್ರದಲ್ಲಿ ಎಂದು ನನಗೆ ಗೊತ್ತಿರಲಿಲ್ಲ. 2025ರ ಸೆಪ್ಟೆಂಬರ್ ಕೊನೆಯ ವಾರ ಆ ನಿಲ್ದಾಣಕ್ಕೇ ನೀರು ನುಗ್ಗಿ ಪ್ರಯಾಣಿಕರು ಸಿಕ್ಕಿಕೊಂಡ ಸುದ್ದಿಯನ್ನು ಟಿವಿಯಲ್ಲಿ ನೋಡುವಾಗ ನನಗೆ ನೆನಪಾದದ್ದು ಆ ಟ್ರಂಕು.

ಅದಾದ ಮೇಲೆ ಒಂದು ಭಾನುವಾರ ಮೂಸಿ ದಂಡೆಯ ಪಾರಂಪರಿಕ ನಡಿಗೆಗೆ ಹೆಸರು ಕೊಟ್ಟೆ. ಚಾರ್ಮಿನಾರ್, ಚೌಮಹಲ್ಲಾ ನಡಿಗೆಗಳನ್ನು ಊರಿಂದ ನೆಂಟರು ಬಂದಾಗೆಲ್ಲ ಮಾಡಿಸಿ ಸಾಕಾಗಿತ್ತು. ಇದು ಬೇರೆ ದಾರಿ. ಪುರಾನಾಪುಲ್‌ನಿಂದ ಶುರುವಾಗಿ ದಕ್ಷಿಣ ದಂಡೆಯಲ್ಲೇ ಸಿಟಿ ಕಾಲೇಜು, ಹೈಕೋರ್ಟು ನೋಡಿ, ನಯಾಪುಲ್ ದಾಟಿ ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ, ಅದರಾಚೆಯ ಗ್ರಂಥಾಲಯದವರೆಗೆ ಸುಮಾರು ಎರಡೂವರೆ ಕಿಲೋಮೀಟರ್. ಬೆಳಿಗ್ಗೆ ಆರೂವರೆಗೆ ಹದಿನೈದು ಜನ ಸೇರಿದ್ದೆವು. ಕರೆದುಕೊಂಡು ಹೋದವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರ ದಖನಿ ಮಾತಿಗೆ ನಮ್ಮ ಕಲಬುರಗಿ ಗಂಜಿನ ಹಿಂದಿಯದೇ ಧಾಟಿ ಇತ್ತು. ‘ಇವತ್ತು ನಾನು ಕಟ್ಟಡ ತೋರಿಸುವುದಿಲ್ಲ, ನೀರು ತೋರಿಸುತ್ತೇನೆ’ ಎಂದೇ ಅವರು ಶುರುಮಾಡಿದರು.

ಪುರಾನಾಪುಲ್ ಎಂದರೆ ಹಳೇ ಸೇತುವೆ. 1578ರಲ್ಲಿ, ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹನ ಕಾಲದಲ್ಲಿ ಕಟ್ಟಿದ್ದು. ಹೈದರಾಬಾದ್ ನಗರ ಹುಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಸೇತುವೆಗೇ ವಯಸ್ಸು ಹೆಚ್ಚು. 22 ಕಮಾನುಗಳು, ಉದ್ದ ಸುಮಾರು 600 ಅಡಿ. ಈಗ ದೊಡ್ಡ ವಾಹನಗಳು ಪಕ್ಕದ ಹೊಸ ಸೇತುವೆಯಲ್ಲಿ ಹೋಗುತ್ತವೆ. ಹಳೆಯದರ ಮೇಲೆ ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಮಾರುತ್ತಾರೆ. ಕೆಳಗೆ ಹರಿಯುವುದನ್ನು ನದಿ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಕಪ್ಪು ನೀರು, ಬಿಳಿ ನೊರೆ, ಮೂಗಿಗೆ ಕರವಸ್ತ್ರ.

‘1908ರಲ್ಲಿ ಈ ಊರಿಗೆ ನಾಲ್ಕು ಸೇತುವೆ ಇದ್ದವು’ ಎಂದರು ಅವರು. ‘ಪುರಾನಾಪುಲ್, ಮುಸಲ್ಲಂ ಜಂಗ್ ಪುಲ್, ಅಫ್ಜಲ್ ಪುಲ್, ಚಾದರ್‌ಘಾಟ್ ಪುಲ್. ನಿಂತದ್ದು ಈ ಮುದುಕ ಒಬ್ಬನೇ.’

ಅದು 1908ರ ಸೆಪ್ಟೆಂಬರ್ 28. ವಿಕಾರಾಬಾದ್ ಹತ್ತಿರದ ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಮೂಸಿ, ನಗರಕ್ಕೆ ಸ್ವಲ್ಪ ಮೊದಲು ಅದನ್ನು ಸೇರುವ ಈಸಿ, ಎರಡರ ಜಲಾನಯನದಲ್ಲೂ ಚಂಡಮಾರುತದ ಮಳೆ. ಈಗ ನಾವು ವಿಮಾನ ಹತ್ತುವ ಶಂಶಾಬಾದಿನಲ್ಲಿ 24 ಗಂಟೆಯಲ್ಲಿ 12.8 ಅಂಗುಲ, 48 ಗಂಟೆಯಲ್ಲಿ 18.9 ಅಂಗುಲ ಮಳೆ ದಾಖಲಾಯಿತು. ನದಿಯಲ್ಲಿ ಬಂದ ನೀರಿನ ಗರಿಷ್ಠ ಲೆಕ್ಕ ಸೆಕೆಂಡಿಗೆ ಸುಮಾರು 4,25,000 ಘನ ಅಡಿ. ನಾನು ಎಂಟೆಕ್ ಮಾಡಿದ್ದು ಜಲಸಂಪನ್ಮೂಲದಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರಿನಲ್ಲಿ. ಹಳೇ ಚಟ, ನಿಂತಲ್ಲೇ ಫೋನಿನಲ್ಲಿ ಲೆಕ್ಕ ಹಾಕಿದೆ. ಆ ವೇಗದಲ್ಲಿ ನೀರು ಒಂದೇ ಸಮ ಬಂದರೆ ನಮ್ಮ 49 ಟಿಎಂಸಿಯ ಕೃಷ್ಣರಾಜಸಾಗರ ತಳದಿಂದ ತುದಿಯವರೆಗೆ ತುಂಬಲು 32 ಗಂಟೆ ಸಾಕು. ಆ ಗಾತ್ರದ ನೀರು ಹಾದುಹೋದದ್ದು ಎರಡೂ ದಂಡೆಗೆ ಮನೆಗಳು ಒತ್ತಿಕೊಂಡಿದ್ದ ಒಂದು ಊರಿನ ನಡುವೆ. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ಸಿಟಿ ಕಾಲೇಜಿನ ಮುಂದೆ, ಆಮೇಲೆ ಹೈಕೋರ್ಟಿನ ಮುಂದೆ ನಿಂತಾಗ ಗುಂಪಿನಲ್ಲಿದ್ದವರೆಲ್ಲ ಫೋಟೋ ತೆಗೆದುಕೊಂಡರು. ಕೆಂಪು ಮರಳುಗಲ್ಲು, ಗುಮ್ಮಟಗಳು, ಎತ್ತರದ ಕಮಾನುಗಳು. ಹೈಕೋರ್ಟ್ ಕಟ್ಟಡ ಉದ್ಘಾಟನೆಯಾದದ್ದು 1920ರ ಏಪ್ರಿಲ್‌ನಲ್ಲಿ, ಸಿಟಿ ಕಾಲೇಜು ಮುಗಿದದ್ದು 1921ರ ಹೊತ್ತಿಗೆ. ಎದುರು ದಂಡೆಯ ಉಸ್ಮಾನಿಯಾ ಆಸ್ಪತ್ರೆಯೂ ಅದೇ ದಶಕದ್ದು. ಮೂರಕ್ಕೂ ವಾಸ್ತುಶಿಲ್ಪಿ ವಿನ್ಸೆಂಟ್ ಎಶ್. ಹೈದರಾಬಾದಿನ ಪೋಸ್ಟ್‌ಕಾರ್ಡುಗಳಲ್ಲಿ ಇವನ್ನು ನಿಜಾಮರ ವೈಭವ ಎಂದು ತೋರಿಸುತ್ತಾರೆ. ಆದರೆ ಇವು ಇಲ್ಲಿ, ಹೀಗೆ ಸಾಲಾಗಿ ನದಿಗೆ ಮುಖಮಾಡಿ ನಿಂತದ್ದಕ್ಕೆ ಕಾರಣ ಪ್ರವಾಹ. ಕೊಚ್ಚಿಹೋದ ದಂಡೆಯನ್ನು ಹೊಸದಾಗಿ ರೂಪಿಸಲು 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಇಕ್ಕಟ್ಟಿನ ಓಣಿಗಳಿದ್ದ ಕಡೆ ಅಗಲ ರಸ್ತೆ, ತಡೆಗೋಡೆ, ತೋಟ, ಸಾರ್ವಜನಿಕ ಕಟ್ಟಡಗಳು ಬಂದವು.

ಹೈಕೋರ್ಟನ್ನು ನೋಡುವಾಗ ನನಗೆ ನಮ್ಮ ಮುತ್ತಜ್ಜ ನೆನಪಾದರು. ಸೇಡಂ ಹತ್ತಿರದ ನಮ್ಮ ಹೊಲದ ವ್ಯಾಜ್ಯ ಇಲ್ಲಿಯವರೆಗೆ ಬಂದಿತ್ತಂತೆ. 1956ರವರೆಗೆ ನಮ್ಮ ಜಿಲ್ಲೆಗಳಿಗೆ ಹೈಕೋರ್ಟ್ ಇದ್ದದ್ದು ಇಲ್ಲೇ. ‘ಹೈದರಾಬಾದಿಗೆ ಹೋಗಿ ಬರೂದಂದ್ರ ಒಂದು ಎಕರೆ ಹೋದಂಗ’ ಎನ್ನುತ್ತಿದ್ದರಂತೆ. ಈಗ ಆ ಹೈಕೋರ್ಟೂ ಇಲ್ಲಿಂದ ಹೊರಡಲು ಸಿದ್ಧವಾಗಿದೆ. ರಾಜೇಂದ್ರನಗರದಲ್ಲಿ ಹೊಸ ಕಟ್ಟಡಕ್ಕೆ 2024ರಲ್ಲಿ ಅಡಿಗಲ್ಲು ಹಾಕಿದರು.

ನಯಾಪುಲ್ ದಾಟಿದರೆ ಅಫ್ಜಲ್‌ಗಂಜ್. ಐದನೇ ನಿಜಾಮ ಅಫ್ಜಲುದ್ದೌಲಾ ಧಾನ್ಯದ ವ್ಯಾಪಾರಿಗಳಿಗೆ ಕೊಟ್ಟ ಜಾಗವಾದ್ದರಿಂದ ಆ ಹೆಸರು. ಇಲ್ಲಿದ್ದ ಹಳೆಯ ಅಫ್ಜಲ್‌ಗಂಜ್ ಆಸ್ಪತ್ರೆಗೆ ವೈದ್ಯಕೀಯ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಕ್ಲೋರೋಫಾರ್ಮ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದು ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು ಡಾಕ್ಟರ್ ಎಡ್ವರ್ಡ್ ಲಾರಿಯವರ ಮುಂದಾಳತ್ವದಲ್ಲಿ 1888ರಲ್ಲಿ ಮತ್ತು 1889ರಲ್ಲಿ ಎರಡು ಆಯೋಗಗಳು ಹೈದರಾಬಾದಿನಲ್ಲಿ ಕೆಲಸ ಮಾಡಿದವು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಹೇಳಲಾಗುವ ರೂಪಾಬಾಯಿ ಫರ್ದೂನ್‌ಜಿ ಓದಿ, ಕೆಲಸ ಮಾಡಿದ್ದೂ ಇದೇ ಊರಿನಲ್ಲಿ. ಆ ಹಳೆಯ ಆಸ್ಪತ್ರೆಯನ್ನು 1908ರ ನೀರು ಹಾಳುಗೆಡವಿತು.

ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆಮರವಿದೆ. ನಡಿಗೆಯ ಉದ್ದಕ್ಕೂ ಮಾತಾಡುತ್ತಿದ್ದ ಹಿರಿಯರು ಅದರ ಕೆಳಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಪ್ರವಾಹದ ದಿನ ಈ ಮರ ಹತ್ತಿ ಕುಳಿತು ಸುಮಾರು 150 ಜನ ಜೀವ ಉಳಿಸಿಕೊಂಡರು. ಮರ ಬೀಳಲಿಲ್ಲ. ಪ್ರತಿವರ್ಷ ಸೆಪ್ಟೆಂಬರ್ 28ಕ್ಕೆ ಒಂದಷ್ಟು ಜನ ಇಲ್ಲಿ ಸೇರಿ ಸತ್ತವರನ್ನು ನೆನೆಯುತ್ತಾರೆ. ನಾವು ಹೋದಾಗ ರೋಗಿಯ ಕಡೆಯವರು ಮೂವರು ನೆರಳಿನಲ್ಲಿ ಟಿಫಿನ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಒಬ್ಬಾಕೆ ನಮ್ಮ ಗುಂಪು ಮೇಲೆ ನೋಡುವುದನ್ನು ಕಂಡು ತಾನೂ ಮೇಲೆ ನೋಡಿದರು, ಹಾವೇನಾದರೂ ಇದೆಯೋ ಎಂಬಂತೆ.

ಆ ದಿನದ ಇನ್ನೊಂದು ಹೆಸರು ಅಮ್ಜದ್ ಹೈದರಾಬಾದಿಯವರದು. ಉರ್ದುವಿನ ದೊಡ್ಡ ರುಬಾಯಿ ಕವಿ. ತಾಯಿ, ಹೆಂಡತಿ, ಮಗಳು ಮೂವರನ್ನೂ ಅವರು ಆ ನೀರಿನಲ್ಲಿ ಕಳೆದುಕೊಂಡರು, ತಾವೊಬ್ಬರೇ ಉಳಿದರು. ಆ ಪ್ರಳಯದ ಮೇಲೆ ಅವರು ಬರೆದ ಪದ್ಯ ಉರ್ದು ಬಲ್ಲವರಿಗೆ ಇಂದಿಗೂ ಗೊತ್ತು.

ಮರದ ಕೆಳಗೆ ನಿಂತೇ ಹಿರಿಯರು ನನ್ನ ಕಡೆ ತಿರುಗಿ, ‘ನೀವು ಕರ್ನಾಟಕದವರಲ್ಲವೇ? ಮುಂದಿನ ಕಥೆ ನಿಮ್ಮವರದು’ ಎಂದರು.

ಪ್ರತಿವರ್ಷ ಸೆಪ್ಟೆಂಬರ್ 15ಕ್ಕೆ ನಮ್ಮ ಆಫೀಸಿನಲ್ಲಿ ಇಂಜಿನಿಯರುಗಳ ದಿನದ ಕೇಕ್ ಕತ್ತರಿಸುತ್ತೇವೆ. ವಿಶ್ವೇಶ್ವರಯ್ಯ ಎಂದರೆ ಕನ್ನಂಬಾಡಿ, ಭದ್ರಾವತಿ, ಮೈಸೂರು ಬ್ಯಾಂಕ್ ಎಂದು ನಾನೂ ಒಮ್ಮೆ ಭಾಷಣ ಮಾಡಿದ್ದೆ. ಕನ್ನಂಬಾಡಿಗಿಂತ ಮೊದಲು ಅವರು ಕೆಲಸ ಮಾಡಿದ್ದು ಈ ನದಿಗಾಗಿ ಎಂಬುದನ್ನು ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದೆನೇ ಹೊರತು ಮನಸ್ಸಿಗೆ ಇಳಿದಿರಲಿಲ್ಲ. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಅವರು ಯುರೋಪಿನಲ್ಲಿ ಪ್ರವಾಸದಲ್ಲಿದ್ದಾಗ ನಿಜಾಮ್ ಸರ್ಕಾರದ ಕರೆ ಬಂತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು, ಅಕ್ಟೋಬರಿನಲ್ಲಿ ವರದಿ ಕೊಟ್ಟರು. ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಇಲ್ಲಿ ಅವರು ತನಿಖೆ ಮಾಡಿ ವರದಿ ಕೊಡಲು ತೆಗೆದುಕೊಂಡದ್ದು ಆರೇ ತಿಂಗಳು.

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ಆ ತನಿಖೆಯ ಕ್ರಮಕ್ಕೆ ತಲೆಬಾಗುತ್ತೇನೆ. ಏನಾದರೂ ಕೆಟ್ಟಾಗ ನಮ್ಮಲ್ಲಿ ‘ರೂಟ್ ಕಾಸ್’ ಹುಡುಕುತ್ತೇವೆ. ಹತ್ತರಲ್ಲಿ ಎಂಟು ಸಲ ಯಾರ ತಲೆಗೆ ಕಟ್ಟಬೇಕೆಂದು ಹುಡುಕುತ್ತೇವೆ. ಅವರು ಮಳೆಯ ತಲೆಗೆ ಕಟ್ಟಿ ಮುಗಿಸಲಿಲ್ಲ. ನಗರದ ಮೇಲಿನ ಜಲಾನಯನವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಸುಮಾರು 860 ಚದರ ಮೈಲಿ ಪ್ರದೇಶದಲ್ಲಿ 788 ಕೆರೆಗಳು, ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಒಡೆದಿದ್ದವು.

ಕೆರೆಯ ಊರಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೆರೆಗಳು ಒಂಟಿಯಲ್ಲ, ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ, ಅದರ ಕೋಡಿ ಅದರ ಕೆಳಗಿನದಕ್ಕೆ. ಕೋಡಿ ಹರಿಯುವವರೆಗೆ ಸರಪಳಿ ನೀರನ್ನು ನಿಧಾನಿಸುತ್ತದೆ. ಏರಿ ಒಡೆದರೆ ಅದೇ ಸರಪಳಿ ಕೊಲ್ಲುತ್ತದೆ: ಮೇಲಿನದು ಒಡೆದ ರಭಸಕ್ಕೆ ಕೆಳಗಿನದು, ಅದರ ರಭಸಕ್ಕೆ ಅದರ ಕೆಳಗಿನದು. 1908ರಲ್ಲಿ ನಗರಕ್ಕೆ ಬಂದದ್ದು ಆ ದಿನದ ಮಳೆಯೊಂದೇ ಅಲ್ಲ, ಅಷ್ಟು ಕೆರೆಗಳಲ್ಲಿ ಕೂಡಿಟ್ಟ ನೀರೂ ಒಟ್ಟಿಗೆ ಬಂದಿತ್ತು.

ಅವರ ಪರಿಹಾರಕ್ಕೆ ಹಲವು ಭಾಗ ಇದ್ದವು. ನಗರದ ಮೇಲೆ ಮೂಸಿಗೆ ಒಂದು, ಈಸಿಗೆ ಒಂದು ಜಲಾಶಯ ಕಟ್ಟಿ ಪ್ರವಾಹವನ್ನು ತಡೆದು ನಿಧಾನವಾಗಿ ಬಿಡುವುದು. ನಗರದೊಳಗೆ ದಂಡೆಗಳನ್ನು ಎತ್ತರಿಸಿ ಅಲ್ಲಿ ಮನೆಗಳ ಬದಲು ತೋಟ, ಓಡಾಡುವ ದಾರಿ ಮಾಡುವುದು. ಜೊತೆಗೆ ಒಳಚರಂಡಿ. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಉಸ್ಮಾನ್ ಸಾಗರವನ್ನೇ ಜನ ಗಂಡಿಪೇಟೆ ಎನ್ನುವುದು. ಗಂಡಿಪೇಟೆ ನೀರು ಕುಡಿದವನು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಎಂಬ ಮಾತು ಹುಟ್ಟಿದ್ದು ಆಮೇಲೆ. ನಮ್ಮಲ್ಲಿ ಎಷ್ಟೋ ಜನ ಅದಕ್ಕೆ ಸಾಕ್ಷಿ.

ಆದರೆ ಆ ಗಾದೆಯಲ್ಲೇ ಒಂದು ತೊಡಕಿದೆ. ಪ್ರವಾಹ ತಡೆಯುವ ಜಲಾಶಯ ಮಳೆಗಾಲದಲ್ಲಿ ಖಾಲಿ ಜಾಗ ಇಟ್ಟುಕೊಂಡಿರಬೇಕು. ಕುಡಿಯುವ ನೀರಿನ ಜಲಾಶಯ ತುಂಬಿರಬೇಕು. ಎರಡೂ ಕೆಲಸ ಒಂದೇ ಕಟ್ಟೆಗೆ ಕೊಟ್ಟಾಗ ಊರು ಪ್ರತಿವರ್ಷ ಒಂದನ್ನು ಆರಿಸಬೇಕಾಗುತ್ತದೆ. ಪ್ರವಾಹ ಬಾರದ ವರ್ಷಗಳಲ್ಲಿ ಎಲ್ಲರೂ ಆರಿಸುವುದು ತುಂಬಿದ ಕಟ್ಟೆಯನ್ನೇ. ಈಗ ಎರಡೂ ಸೇರಿ ಹಿಡಿಯುವುದು ಸುಮಾರು 6.9 ಟಿಎಂಸಿ. 1908ರ ಗರಿಷ್ಠ ವೇಗದಲ್ಲಿ ಇವು ತುಂಬಲು ನಾಲ್ಕೂವರೆ ಗಂಟೆ ಸಾಕು. 2025ರ ಸೆಪ್ಟೆಂಬರಿನಲ್ಲಿ ಎರಡೂ ಕಡೆ ಗೇಟು ತೆಗೆದಾಗ ಬಸ್ ನಿಲ್ದಾಣಕ್ಕೆ ನೀರು ಬಂತು. ಕಟ್ಟೆಗಳು ಸೋತವು ಎಂದಲ್ಲ. ಕಟ್ಟೆಗಳ ಧೈರ್ಯದ ಮೇಲೆ ನಾವು ನದಿಯ ಪಾತ್ರದಲ್ಲೇ ನಿಲ್ದಾಣ ಕಟ್ಟಿಕೊಂಡೆವು.

ಇಲ್ಲಿ ನನ್ನ ಸ್ವಂತ ತಪ್ಪನ್ನು ಹೇಳಿಕೊಳ್ಳಬೇಕು.

2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಘಟ್‌ಕೇಸರ್ ಕಡೆ 24 ಗಂಟೆಯಲ್ಲಿ 32 ಸೆಂಟಿಮೀಟರ್ ದಾಟಿತ್ತು. ಶಂಶಾಬಾದಿನ 12.8 ಅಂಗುಲವನ್ನು ಸೆಂಟಿಮೀಟರಿಗೆ ತಿರುಗಿಸಿ ನೋಡಿ, 32.5. ಆ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್ ಮೇಲ್ಚಾವಣಿಯವರೆಗೆ ತುಂಬಿತು. ಕಾವಲುಗಾರನ ಸಂಸಾರ ಅಲ್ಲೇ ಒಂದು ಮೂಲೆಯಲ್ಲಿ ಇರುತ್ತಿತ್ತು. ನಾಲ್ಕು ವರ್ಷದ ಅವನ ಮಗಳನ್ನು ಮೂರನೇ ಮಹಡಿಯ ಹುಡುಗನೊಬ್ಬ ಹೆಗಲ ಮೇಲೆ ಹೊತ್ತು ತಂದ. ಎದೆಯ ಮಟ್ಟದ ನೀರು, ಕತ್ತಲೆ, ಕರೆಂಟಿನ ಭಯ. ಎಲ್ಲರೂ ಉಳಿದರು. ಕಾರುಗಳು ಹೋದವು, ಅದು ದೊಡ್ಡ ಮಾತಲ್ಲ. ಮರುದಿನ ಅವ್ವ ಊರಿಂದ ಫೋನ್ ಮಾಡಿದಳು. ‘ಯಪ್ಪಾ, ನೀರು ಇಳೀತೇನು?’ ಎಂದು ಕೇಳಿದಳು. ನಮ್ಮ ಮನೆಯ ಹಿಂದೆ ಒಂದು ಚೆರುವು ಇದೆ ಎಂದು ಅವಳಿಗೆ ಗೊತ್ತಿತ್ತು. ‘ಕೆರಿ ಒಳಗ ಮನಿ ಕಟ್ಟಿದ್ರ ನೀರು ಬರಲಾರದ ಏನ್ ಬರ್ತದ?’

ಶಾಲೆ ನಾಲ್ಕನೇ ಇಯತ್ತೆಗೆ ಬಿಟ್ಟ ಅವ್ವ ಹೇಳಿದ್ದು ಜಲಸಂಪನ್ಮೂಲದಲ್ಲಿ ಎಂಟೆಕ್ ಮಾಡಿದ ನನಗೆ ಹೊಳೆದಿರಲಿಲ್ಲ. ಫ್ಲ್ಯಾಟ್ ಕೊಳ್ಳುವಾಗ ನಾನು ಬ್ಯಾಂಕಿನ ಬಡ್ಡಿ, ಆಫೀಸಿನ ದೂರ, ಶಾಲೆ, ಪೂರ್ವಕ್ಕೆ ಬಾಗಿಲು ಎಲ್ಲ ನೋಡಿದ್ದೆ. ‘ಲೇಕ್ ವ್ಯೂ’ ಎಂದು ಚದರಡಿಗೆ ಸ್ವಲ್ಪ ಹೆಚ್ಚೇ ಕೊಟ್ಟಿದ್ದೆ. ಆ ಜಾಗದ ಹಳೆಯ ಸರ್ವೆ ನಕ್ಷೆಯನ್ನು ತೆಗೆದು ನೋಡಿದ್ದು ಮುಳುಗಿದ ಮೇಲೆ. ಕೆರೆಯ ನೀಲಿ ಗೆರೆ ನಮ್ಮ ಬಿ ಬ್ಲಾಕಿನ ನಡುವೆ ಹಾದುಹೋಗಿತ್ತು. ಮಾರಿದವರನ್ನು ಬಯ್ಯಬಹುದು, ಪರವಾನಗಿ ಕೊಟ್ಟವರನ್ನು ಬಯ್ಯಬಹುದು, ನಾವೂ ಬಯ್ದೆವು. ಆದರೆ ನಕ್ಷೆ ಓದಲು ಬರುತ್ತಿದ್ದವನು ನಾನೂ ಅಲ್ಲಿದ್ದೆ.

ಮರದ ಕೆಳಗೆ ನಿಂತು ಈ ಮಾತನ್ನು ಹಿರಿಯರಿಗೆ ಹೇಳಿದೆ. ಅವರು ನಗಲಿಲ್ಲ. 1908ರಲ್ಲಿ ಕೆರೆಗಳು ಒಡೆದು ಊರು ಮುಳುಗಿತು, ಈಗ ಕೆರೆಗಳಿಲ್ಲದೆ ಮುಳುಗುತ್ತದೆ ಎಂದರು. ಸರಪಳಿಯ ನಡುವಿನ ಕೊಂಡಿಗಳನ್ನು ಮುಚ್ಚಿ ಕಾಲೊನಿ ಮಾಡಿದ್ದೇವೆ; ಮೇಲಿನ ಕೆರೆಯ ಕೋಡಿ ನೀರು ಈಗ ಹುಡುಕಿಕೊಂಡು ಬರುವುದು ನಮ್ಮ ಪಾರ್ಕಿಂಗನ್ನು. ಎರಡು ಸಾಗರಗಳ ಸುತ್ತ ಹತ್ತು ಕಿಲೋಮೀಟರ್ ಒಳಗೆ ದೊಡ್ಡ ಕಟ್ಟಡ, ಕಾರ್ಖಾನೆ ಬೇಡ ಎಂದು 1996ರಲ್ಲಿ 111ನೇ ಸಂಖ್ಯೆಯ ಸರ್ಕಾರಿ ಆದೇಶ ಬಂದಿತ್ತು. 84 ಹಳ್ಳಿಗಳಿಗೆ ಅದು ಅನ್ವಯಿಸುತ್ತಿತ್ತು. 2022ರಲ್ಲಿ ಆ ನಿರ್ಬಂಧಗಳನ್ನು ತೆಗೆಯುವ ಇನ್ನೊಂದು ಆದೇಶ ಹೊರಟಿತು. ಅಲ್ಲಿಯ ರೈತರ ಕಷ್ಟವೂ ಸುಳ್ಳಲ್ಲ. ಪಕ್ಕದ ಹಳ್ಳಿಯವರು ಎಕರೆಗೆ ಕೋಟಿ ಎಣಿಸುವಾಗ ನಗರದ ನೀರಿಗಾಗಿ ತಾವು ಮಾತ್ರ ಜೋಳ ಬೆಳೆಯುತ್ತ ಇರಬೇಕೆ ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿದೆ. ಅದಕ್ಕೆ ಉತ್ತರ ಅವರಿಗೆ ಪರಿಹಾರ ಕೊಡುವುದಾಗಿತ್ತು. ಜಲಾನಯನವನ್ನೇ ಬಿಟ್ಟುಕೊಡುವುದು ಎರಡು ಸಾಗರಗಳಿಗೆ ಬರುವ ದಾರಿಯನ್ನೇ ಮುಚ್ಚಿದಂತೆ.

ಆಸ್ಪತ್ರೆಯ ಹಳೆಯ ಕಟ್ಟಡಕ್ಕೆ ಬೀಗ. 2020ರ ಜುಲೈ ಮಳೆಗೆ ವಾರ್ಡುಗಳೊಳಗೆ ನೀರು ನುಗ್ಗಿತು. ಆ ತಿಂಗಳೇ ಕಟ್ಟಡ ಖಾಲಿಮಾಡಿಸಿದರು. ಗೋಶಾಮಹಲ್‌ನಲ್ಲಿ ಹೊಸ ಆಸ್ಪತ್ರೆಗೆ 2025ರಲ್ಲಿ ಅಡಿಗಲ್ಲು ಬಿದ್ದಿದೆ. ಪ್ರವಾಹದ ಪಾಠವಾಗಿ ಎದ್ದ ಕಟ್ಟಡಗಳಿಂದ ಒಂದೊಂದಾಗಿ ಜನ ಹೊರಡುತ್ತಿದ್ದಾರೆ. ಕಟ್ಟಡಗಳು ಉಳಿಯಬಹುದು, ಅವು ಯಾಕೆ ಅಲ್ಲಿ ನಿಂತವು ಎಂಬುದು ಮರೆಯಬಹುದು.

ಅಲ್ಲಿಂದ ಗ್ರಂಥಾಲಯಕ್ಕೆ ಹೋದೆವು. 1891ರಲ್ಲಿ ಶುರುವಾದ ಅಸಾಫಿಯಾ ಗ್ರಂಥಾಲಯ, ಈ ಕಟ್ಟಡಕ್ಕೆ ಬಂದದ್ದು 1936ರಲ್ಲಿ. ಮೆಟ್ಟಿಲ ಮೇಲೆ ಕುಳಿತು ಇರಾನಿ ಚಹಾ ಕುಡಿದು ನಡಿಗೆ ಮುಗಿಯಿತು.

ಚಹಾ ಕುಡಿಯುವಾಗ ನನಗೆ ಅನಿಸಿದ್ದು ಇಷ್ಟು. ನಾವು ವಲಸೆ ಬಂದವರು ಊರಿನ ಭಾಷೆ ಕಲಿಯುತ್ತೇವೆ, ಊಟ ಕಲಿಯುತ್ತೇವೆ, ಬಿರಿಯಾನಿ ಎಲ್ಲಿ ಚೆನ್ನ ಎಂದು ಜಗಳ ಆಡುತ್ತೇವೆ. ಊರಿನ ಭಯವನ್ನು ಮಾತ್ರ ಕಲಿಯುವುದಿಲ್ಲ. ನಮ್ಮ ಹಳ್ಳಿಯಲ್ಲಿ ಯಾವ ಹಳ್ಳ ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತು ಎಂದು ಹೇಳಲು ಒಬ್ಬ ಮುದುಕಿ ಇರುತ್ತಾಳೆ. ಇಲ್ಲಿ ನಮಗೆ ಆ ಮುದುಕಿ ಇಲ್ಲ. ಇರುವುದು ಒಂದು ಹುಣಸೆಮರ, ಭಾನುವಾರ ಬೆಳಿಗ್ಗೆ ಅದನ್ನು ತೋರಿಸುವ ಒಬ್ಬ ನಿವೃತ್ತರು. ಮುಂಬಯಿಯಲ್ಲಿರುವವರಿಗೆ ಮಿಠಿ ನದಿ, ಚೆನ್ನೈನವರಿಗೆ ಅಡ್ಯಾರ್, ಪುಣೆಯವರಿಗೆ ಮುಠಾ, ದೆಹಲಿಯವರಿಗೆ ಯಮುನೆ. ನಿಮ್ಮ ಊರಲ್ಲೂ ಇಂಥ ನಡಿಗೆ ಇದ್ದರೆ ಮನೆ ಕೊಳ್ಳುವ ಮೊದಲು ಒಮ್ಮೆ ಹೋಗಿ ಬನ್ನಿ.

ನಾವು ಫ್ಲ್ಯಾಟ್ ಮಾರಲಿಲ್ಲ. ಗೊತ್ತಿದ್ದೂ ಇನ್ನೊಬ್ಬರ ತಲೆಗೆ ಕಟ್ಟಲು ಮನಸ್ಸು ಒಪ್ಪಲಿಲ್ಲ, ಸಾಲವೂ ತೀರಿಲ್ಲ. ಸಂಘದ ಸಭೆಯಲ್ಲಿ ಮೂರು ಸಲ ಜಗಳ ಆದ ಮೇಲೆ ಕಾವಲುಗಾರನ ಸಂಸಾರಕ್ಕೆ ಮೊದಲ ಮಹಡಿಯಲ್ಲಿ ಒಂದು ಕೋಣೆ ಕೊಟ್ಟೆವು. ನಡಿಗೆಯಿಂದ ಬಂದ ವಾರ ನಾನು ಪೇಂಟ್ ತಂದು ನೆಲಮಾಳಿಗೆಯ ಕಂಬದ ಮೇಲೆ 2020ರ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು ತಾರೀಕು ಬರೆದೆ. ಮನೆಯ ಬೆಲೆ ಬೀಳುತ್ತದೆ, ಅಳಿಸಿ ಎಂದು ಇಬ್ಬರು ನೆರೆಯವರು ಕೇಳಿದ್ದಾರೆ. ಗೆರೆ ಇನ್ನೂ ಇದೆ.